‘ನಾನ್‌ಸೆನ್ಸ್’ ಅಂದ್ರೂ ‘ಸೆನ್ಸ್‌ಲೆಸ್’ ಅಂದ್ರೂ ಒಂದೇನಾ?

ಪ್ರಶ್ನೆ: ಸರ್, ನಾನು ಹಾವೇರಿಯವಳು. ಹುಬ್ಬಳ್ಳಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುವ ಒಂದು ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಓದಿದ್ದು ಕನ್ನಡ ಮೀಡಿಯಂ. ನಮ್ಮ ಗೋಡೌನ್‌ನಲ್ಲಿ ಚೀಲಗಳ ತೂಕ ಮಾಡಿ ಕಂಪ್ಯೂಟರ್‌ಗೆ ಹಾಕುತ್ತಾರೆ. ಈಗ ಅದನ್ನೇ ಸಂಜೆ ಆಫೀಸಿನಲ್ಲಿ ಇನ್ನೊಂದು ರಿಜಿಸ್ಟರ್‌ಗೆ ಕೈಯಿಂದ ಬರೆಯಬೇಕು ಅಂತ ಹೊಸ ನಿಯಮ ಬಂದಿದೆ. ನಾನು ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ಅದರಲ್ಲಿ ‘ದಿಸ್ ಈಸ್ ಸೆನ್ಸ್‌ಲೆಸ್ ವರ್ಕ್’ ಅಂತ ಒಂದು ಸಾಲು ಇತ್ತು. ಇದರಿಂದ ಉಪಯೋಗ ಇಲ್ಲ ಅಂತ ಹೇಳೋದಷ್ಟೇ ನನ್ನ ಉದ್ದೇಶ. ಆದರೆ ಅವರು ಎಲ್ಲರ ಮುಂದೆ ‘ಮೇಡಂ ನನಗೆ ಸೆನ್ಸ್ ಇಲ್ಲ ಅಂದಾರ’ ಅಂದುಬಿಟ್ಟರು. ಇಂಗ್ಲಿಷ್ ಕಲಿಸುವ ನನ್ನ ಮಾವನ ಮಗ ‘ನೀ ನಾನ್‌ಸೆನ್ಸ್ ಅಂತ ಬರೀಬೇಕಿತ್ತು, ಅದು ಮೆತ್ತಗಿನ ಪದ’ ಅಂತಾನೆ. ಡಿಕ್ಷನರಿ ನೋಡಿದರೆ ಎರಡಕ್ಕೂ ‘ಅರ್ಥವಿಲ್ಲದ’ ಅಂತಲೇ ಇದೆ. ಮಗಳ ಇಂಗ್ಲಿಷ್ ಪಾಠದಲ್ಲಿ ಸೆನ್ಸ್‌ಲೆಸ್ ಅಂದರೆ ಎಚ್ಚರ ತಪ್ಪಿದ ಅಂತ ಇದೆ. ಯಾವುದು ಸರಿ? ಯಾವುದು ಜಾಸ್ತಿ ಬೈಗುಳ? ಈಗ ನಾನು ಏನಂತ ಬರೆಯಬೇಕು?

ಉತ್ತರ:

ಅಕ್ಕಾರ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು ಪದದ್ದು, ಇನ್ನೊಂದು ಕೆಲಸದ್ದು. ನೀವು ಕೇಳಿರುವುದು ಪದದ ಬಗ್ಗೆ, ಆದರೆ ನಿದ್ದೆ ಕೆಡಿಸಿರುವುದು ಎರಡನೆಯದು ಅಂತ ಕಾಣುತ್ತದೆ. ಎರಡಕ್ಕೂ ಉತ್ತರ ಹೇಳುತ್ತೇನೆ. ನಾನು ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತ, ಜನರ ಅರ್ಜಿ, ಮೇಲ್, ಬಯೋಡೇಟಾ ತಿದ್ದುತ್ತ ಬಂದವನು. ಈ ಎರಡು ಪದಗಳ ಗೊಂದಲ ನಿಮ್ಮೊಬ್ಬರದ್ದೇ ಅಲ್ಲ. ಚೆನ್ನಾಗಿ ಇಂಗ್ಲಿಷ್ ಓದಿದವರೂ ಇಲ್ಲಿ ತಡವರಿಸುತ್ತಾರೆ.

ಮೊದಲು ನೇರ ಉತ್ತರ. ಎರಡೂ ಒಂದೇ ಅಲ್ಲ. ನಾನ್‌ಸೆನ್ಸ್ ಅನ್ನುವುದು ಹೆಚ್ಚಾಗಿ ಮಾತಿಗೆ ಅಂಟುವ ಪದ. ಆಡಿದ ಮಾತು, ಬರೆದ ಸಾಲು, ಯಾರೋ ಹಬ್ಬಿಸಿದ ಸುದ್ದಿ, ಇವುಗಳಲ್ಲಿ ಅರ್ಥವಿಲ್ಲ ಅಥವಾ ಇವು ಸುಳ್ಳು ಅನ್ನಲು ಅದನ್ನು ಬಳಸುತ್ತಾರೆ. ಸೆನ್ಸ್‌ಲೆಸ್ ಅನ್ನುವುದು ಹೆಚ್ಚಾಗಿ ಮಾಡಿದ ಕೆಲಸಕ್ಕೆ ಅಥವಾ ಮನುಷ್ಯನ ಸ್ಥಿತಿಗೆ ಅಂಟುತ್ತದೆ. ಕೆಲಸಕ್ಕೆ ಹಚ್ಚಿದರೆ ಉದ್ದೇಶವೂ ಇಲ್ಲ, ವಿವೇಕವೂ ಇಲ್ಲ ಅಂತ ಅರ್ಥ. ಮನುಷ್ಯನ ಸ್ಥಿತಿಗೆ ಹಚ್ಚಿದರೆ ಎಚ್ಚರ ತಪ್ಪಿದೆ ಅಂತ. ಹೀಗಾಗಿ ನಿಮ್ಮ ಮಗಳ ಪಾಠ ಸರಿಯಾಗಿಯೇ ಇದೆ. ನಿಮ್ಮ ವಾಕ್ಯದ ವ್ಯಾಕರಣವೂ ಸರಿ ಇದೆ. ಆದರೂ ಮ್ಯಾನೇಜರ್‌ಗೆ ಯಾಕೆ ಚುಚ್ಚಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗೊಂದಲದ ಬೇರು ಇರುವುದು ‘ಸೆನ್ಸ್’ ಅನ್ನುವ ಪದದಲ್ಲೇ. ಲ್ಯಾಟಿನ್‌ನಲ್ಲಿ ಸೆಂಟೀರೆ ಅಂದರೆ ಅನುಭವಿಸು, ಗ್ರಹಿಸು ಅಂತ. ಅದರಿಂದ ಬಂದ ಸೆನ್ಸ್‌ಗೆ ಇಂಗ್ಲಿಷಿನಲ್ಲಿ ಹಲವು ಕವಲು ಒಡೆದಿವೆ. ಕಣ್ಣು, ಕಿವಿ, ಚರ್ಮದಿಂದ ಗೊತ್ತಾಗುವುದು ಒಂದು ಸೆನ್ಸ್. ಎಚ್ಚರವಾಗಿರುವುದು ಇನ್ನೊಂದು. ಪದಕ್ಕೋ ವಾಕ್ಯಕ್ಕೋ ಇರುವ ಅರ್ಥ ಮತ್ತೊಂದು. ‘ಕಾಮನ್ ಸೆನ್ಸ್’ ಅನ್ನುವಾಗ ಬರುವ ವ್ಯವಹಾರ ಬುದ್ಧಿ ಮಗದೊಂದು. ಈಗ ‘ಇಲ್ಲ’ ಅನ್ನುವ ತುಂಡನ್ನು ಮುಂದೆ ಹಚ್ಚಿ ನಾನ್‌ಸೆನ್ಸ್ ಅಂದರೆ ಅದು ಅರ್ಥದ ಕವಲನ್ನು ಹಿಡಿಯುತ್ತದೆ. ಹಿಂದೆ ಹಚ್ಚಿ ಸೆನ್ಸ್‌ಲೆಸ್ ಅಂದರೆ ಅದು ಹೆಚ್ಚಾಗಿ ಉಳಿದ ಕವಲುಗಳ ಕಡೆ ವಾಲುತ್ತದೆ, ಅಂದರೆ ಸ್ಪರ್ಶಜ್ಞಾನ, ಎಚ್ಚರ, ವಿವೇಕ. ಹಳೆಯದು ಸೆನ್ಸ್‌ಲೆಸ್. ಅದು 16ನೇ ಶತಮಾನದ ಇಂಗ್ಲಿಷಿನಲ್ಲೇ ಸಿಗುತ್ತದೆ, ನಾನ್‌ಸೆನ್ಸ್ 17ನೇ ಶತಮಾನದ ಆರಂಭದ್ದು. ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದ ಮೊದಲನೇ ದೃಶ್ಯದಲ್ಲಿ ಒಬ್ಬ ಅಧಿಕಾರಿ ರೋಮ್‌ನ ಜನರನ್ನು ಬೈಯುತ್ತಾನೆ. ದಿಮ್ಮಿಗಳೇ, ಕಲ್ಲುಗಳೇ, ಸೆನ್ಸ್‌ಲೆಸ್ ವಸ್ತುಗಳಿಗಿಂತ ಕಡೆ ನೀವು ಅಂತ. ಅಲ್ಲಿ ಸೆನ್ಸ್‌ಲೆಸ್ ಅಂದರೆ ಪೆದ್ದ ಅಂತಲ್ಲ, ಕಲ್ಲಿನ ಹಾಗೆ ಏನೂ ತಾಗದ್ದು, ಏನೂ ಅನ್ನಿಸದ್ದು ಅಂತ. ಪದದ ಹಳೇ ಅರ್ಥ ಅದೇ.

ಇದನ್ನು ತಿಳಿಯಲು ನಮ್ಮ ಕಡೆಯವರಿಗೆ ಡಿಕ್ಷನರಿಗಿಂತ ಒಳ್ಳೆಯ ದಾರಿ ಒಂದಿದೆ. ‘ಖಬರ’ ಅನ್ನುವ ಪದ ನೋಡಿ. ಅರಬ್ಬಿ ಮೂಲದ್ದು, ಅಲ್ಲಿ ಸುದ್ದಿ ಅಂತ ಅರ್ಥ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಅದಕ್ಕೆ ಅರಿವು ಅನ್ನುವ ಅರ್ಥ ಬಂದು ಕೂತಿದೆ. ‘ಬಿಸಿಲಿಗೆ ಖಬರ ತಪ್ಪಿ ಬಿದ್ದ’ ಅಂದರೆ ಎಚ್ಚರ ತಪ್ಪಿದ. ‘ಮೈಮ್ಯಾಲೆ ಖಬರ ಐತಿಲ್ಲೋ ನಿನಗ’ ಅಂದರೆ ಬುದ್ಧಿ ನೆಟ್ಟಗಿದೆಯಾ ಅಂತ. ಖಬರಗೇಡಿ ಅಂದರೆ ಮುಂದೆ ಏನಾಗುತ್ತದೆ ಅನ್ನುವ ಪರಿವೆ ಇಲ್ಲದವನು. ಒಂದೇ ಪದ, ಆಸ್ಪತ್ರೆಯಲ್ಲೂ ಬರುತ್ತದೆ, ಜಗಳದಲ್ಲೂ ಬರುತ್ತದೆ. ಸೆನ್ಸ್‌ಲೆಸ್‌ನ ಹರವು ಹೆಚ್ಚುಕಡಿಮೆ ಇಷ್ಟೇ. ಖಬರ ಇಲ್ಲದ್ದು ಅಂತ ಮನಸ್ಸಿನಲ್ಲಿಟ್ಟುಕೊಂಡರೆ ಮುಕ್ಕಾಲು ಪಾಲು ಕಡೆ ಸರಿಹೋಗುತ್ತದೆ. ನಾನ್‌ಸೆನ್ಸ್‌ಗೆ ನಮ್ಮಲ್ಲಿ ಬೇರೆಯದೇ ಸಾಲು ಇದೆ. ತಲೆಬುಡ ಇಲ್ಲದ ಮಾತು, ಬಾಯಿಗೆ ಬಂದದ್ದು ಬಡಬಡಿಸುವುದು, ಹುಚ್ಚುಚ್ಚಾರ ಮಾತು. ‘ಖಬರ ತಪ್ಪಿ ಬಿದ್ದ’ ಅನ್ನುವ ಕಡೆ ‘ತಲೆಬುಡ ಇಲ್ಲದೆ ಬಿದ್ದ’ ಅಂತ ಯಾರಾದರೂ ಅಂತಾರಾ? ಇಂಗ್ಲಿಷಿನವರಿಗೂ ಅಲ್ಲಿ ನಾನ್‌ಸೆನ್ಸ್ ಹಾಗೇ ಕೇಳಿಸುತ್ತದೆ. ಡಿಕ್ಷನರಿ ಎರಡಕ್ಕೂ ‘ಅರ್ಥವಿಲ್ಲದ’ ಅಂತ ಕೊಟ್ಟು ಕೈತೊಳೆದುಕೊಂಡಿದೆ. ಚಿಕ್ಕ ಡಿಕ್ಷನರಿಗಳಲ್ಲಿ ಜಾಗ ಕಡಿಮೆ, ಆದ್ದರಿಂದ ಹೀಗಾಗುವುದು ಸಾಮಾನ್ಯ. ಡಿಕ್ಷನರಿ ನೋಡುವಾಗ ಅರ್ಥದ ಕೆಳಗೆ ಕೊಟ್ಟಿರುವ ಉದಾಹರಣೆ ವಾಕ್ಯ ಓದಿ. ಅದು ಇಲ್ಲದ ಡಿಕ್ಷನರಿಯನ್ನು ಇಂಥ ಜೋಡಿ ಪದಗಳಿಗೆ ನಂಬಬೇಡಿ.

ಈಗ ನಿಮ್ಮ ಮಾವನ ಮಗ ಹೇಳಿದ್ದಕ್ಕೆ ಬರೋಣ. ನಾನ್‌ಸೆನ್ಸ್ ಮೆತ್ತಗಿನ ಪದ ಅನ್ನುವುದು ಅರ್ಧ ಸತ್ಯ. ಇಂಗ್ಲೆಂಡಿನಲ್ಲಿ ಆಪ್ತರ ನಡುವೆ ಅದು ಮೆತ್ತಗೆ ಇರಬಹುದು. ‘ನಾನು ಬಂದು ನಿಮಗೆ ತೊಂದರೆ ಕೊಟ್ಟೆ’ ಅಂತ ನೆಂಟರು ಅಂದರೆ ಮನೆಯವರು ನಗುತ್ತ ‘ನಾನ್‌ಸೆನ್ಸ್!’ ಅಂತಾರೆ. ಛೆ, ಛೆ, ಹಾಗೇನೂ ಇಲ್ಲ ಅಂತ ಅದರ ಅರ್ಥ. ಅಲ್ಲಿ ಅದು ಪ್ರೀತಿ. ಮಕ್ಕಳ ಪ್ರಾಸದ ಪದ್ಯಗಳಿಗೂ ಅದೇ ಹೆಸರು. ಎಡ್ವರ್ಡ್ ಲಿಯರ್ 1846ರಲ್ಲಿ ಪ್ರಕಟಿಸಿದ ಹಾಸ್ಯಪದ್ಯಗಳ ಪುಸ್ತಕದ ಹೆಸರೇ ‘ಎ ಬುಕ್ ಆಫ್ ನಾನ್‌ಸೆನ್ಸ್’. ನಮ್ಮ ಮಕ್ಕಳು ‘ಅವಲಕ್ಕಿ ಪವಲಕ್ಕಿ’ ಅಂತ ಆಟಕ್ಕೆ ಎಣಿಸುತ್ತಾರಲ್ಲ, ಅಂಥದ್ದನ್ನೂ ಇಂಗ್ಲಿಷಿನಲ್ಲಿ ನಾನ್‌ಸೆನ್ಸ್ ರೈಮ್ ಅನ್ನಬಹುದು. ಬೈಗುಳ ಇಲ್ಲವೇ ಇಲ್ಲ, ಸುಮ್ನೆ ಪದದ ಸದ್ದಿನ ಖುಷಿ. ಇಂಥ ಪದ್ಯವನ್ನು ಯಾರೂ ಸೆನ್ಸ್‌ಲೆಸ್ ರೈಮ್ ಅನ್ನುವುದಿಲ್ಲ.

ಆದರೆ ನಮ್ಮೂರಲ್ಲಿ ನಾನ್‌ಸೆನ್ಸ್ ಬಂದ ದಾರಿ ಬೇರೆ. ಅದನ್ನು ನಾವು ನೆಂಟರ ಮನೆಯಲ್ಲಿ ಕೇಳಿಲ್ಲ. ಕ್ಲಾಸಿನಲ್ಲಿ ಡೆಸ್ಕ್ ಬಡಿದ ಮಾಸ್ತರರ ಬಾಯಲ್ಲಿ, ಫೈಲ್ ಎಸೆದ ಸಾಹೇಬರ ಬಾಯಲ್ಲಿ, ಸಿನಿಮಾದ ಸಿಟ್ಟಿನ ಅಪ್ಪನ ಬಾಯಲ್ಲಿ ಕೇಳಿದ್ದೇವೆ. ‘ಏನ್ ನಾನ್‌ಸೆನ್ಸ್ ಹಚ್ಚೀರಿ ಇಲ್ಲೆ?’ ಅಂತ ಹುಬ್ಬಳ್ಳಿಯ ಯಾವ ಆಫೀಸಿನಲ್ಲಿ ಕೇಳಿಲ್ಲ ಹೇಳಿ. ಮೇಲಿನವರು ಕೆಳಗಿನವರಿಗೆ ಬೈಯುವ ಪದವಾಗಿ ಅದು ನಮ್ಮ ಕಿವಿಗೆ ಇಳಿದಿದೆ. ಅದಕ್ಕೇ ಕೆಳಗಿನವರು ಮೇಲಿನವರಿಗೆ ಅದನ್ನು ಬರೆದರೆ ಇಂಗ್ಲಿಷಿನಲ್ಲಿ ಇರುವುದಕ್ಕಿಂತ ಜಾಸ್ತಿ ಖಾರ ಆಗುತ್ತದೆ. ನೀವು ‘ದಿಸ್ ಈಸ್ ನಾನ್‌ಸೆನ್ಸ್’ ಅಂತ ಬರೆದಿದ್ದರೆ ನಿಮ್ಮ ಮ್ಯಾನೇಜರ್ ಇನ್ನೂ ಜೋರಾಗಿ ಕೂಗಾಡುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಜೊತೆಗೆ ಅರ್ಥವೂ ತಪ್ಪಾಗುತ್ತಿತ್ತು. ನಿಯಮ ಏನು ಅಂತ ನಿಮಗೆ ಚೆನ್ನಾಗಿ ಅರ್ಥವಾಗಿದೆ, ಅದು ಸುಳ್ಳೂ ಅಲ್ಲ. ನಿಮ್ಮ ತಕರಾರು ಇರುವುದು ಅದು ಯಾಕೆ ಬೇಕು ಅನ್ನುವುದರ ಬಗ್ಗೆ. ಅಷ್ಟರ ಮಟ್ಟಿಗೆ ನೀವು ಆರಿಸಿದ ಪದವೇ ನಿಮ್ಮ ಮಾವನ ಮಗ ಹೇಳಿದ್ದಕ್ಕಿಂತ ಹತ್ತಿರ ಇತ್ತು.

ಒಂದು ಪೂರಕ ಮಾತು. ‘ನೋ-ನಾನ್‌ಸೆನ್ಸ್’ ಅಂತ ಯಾರಾದರೂ ನಿಮ್ಮ ಬಗ್ಗೆ ಬರೆದರೆ ಅದು ಹೊಗಳಿಕೆ. ಕೆಲಸದಲ್ಲಿ ನೇರ, ಸುತ್ತಿಬಳಸಿ ಮಾತಾಡದವರು ಅಂತ. ನನ್ನ ಹತ್ತಿರ ಒಬ್ಬ ಹುಡುಗಿ ತನ್ನ ಹಳೇ ಕಂಪನಿ ಕೊಟ್ಟ ಪತ್ರ ಹಿಡಿದುಕೊಂಡು ಬಂದಿದ್ದಳು. ಆ ಪದದ ಕೆಳಗೆ ಪೆನ್ಸಿಲ್‌ನಲ್ಲಿ ಎರಡು ಗೆರೆ ಎಳೆದಿದ್ದಳು, ಇದನ್ನು ತೆಗೆಸಿ ಕೊಡಿ ಅಂತ. ಇಡೀ ಪತ್ರದಲ್ಲಿ ಅವಳಿಗೆ ಕೆಲಸ ಕೊಡಿಸುವ ಸಾಲು ಅದೊಂದೇ ಆಗಿತ್ತು.

ಎರಡನೇ ತಪ್ಪು ತಿಳಿವಳಿಕೆ ಏನಂದರೆ ಸೆನ್ಸ್‌ಲೆಸ್ ಅನ್ನುವುದು ಮನುಷ್ಯರಿಗೆ ಮಾತ್ರ, ಅದೂ ಬೈಯುವುದಕ್ಕೆ ಮಾತ್ರ ಅನ್ನುವುದು. ‘ಸೆನ್ಸ್‌ಲೆಸ್ ಫೆಲೋ’ ಅಂತ ನಾವು ದಿನಾ ಕೇಳುತ್ತೇವಲ್ಲ, ಅದರಿಂದ ಬಂದದ್ದು. ಇಂಗ್ಲಿಷ್ ಪತ್ರಿಕೆ ಓದಿ ನೋಡಿ. ಅಲ್ಲಿ ಈ ಪದ ಹೆಚ್ಚಾಗಿ ಸಿಗುವುದು ‘ಸೆನ್ಸ್‌ಲೆಸ್ ವಯಲೆನ್ಸ್’, ‘ಸೆನ್ಸ್‌ಲೆಸ್ ಕಿಲ್ಲಿಂಗ್’ ಅಂತ. ಯಾವ ಕಾರಣವೂ ಇಲ್ಲದೆ ನಡೆದ ಹಿಂಸೆ, ಯಾರಿಗೂ ಏನೂ ದಕ್ಕದ ಕೊಲೆ. ಅದರಲ್ಲಿ ಒಂದು ದುಃಖ ಇದೆ, ಹೀಗಾಗಬಾರದಿತ್ತು ಅನ್ನುವ ಸಂಕಟ ಇದೆ. ಆ ಜಾಗದಲ್ಲಿ ನಾನ್‌ಸೆನ್ಸ್ ಹಾಕಿದರೆ ಅನಾಹುತ. ಸಾವನ್ನು ಹಗುರ ಮಾಡಿದ ಹಾಗಾಗುತ್ತದೆ. ಅಪಘಾತದಲ್ಲಿ ತೀರಿಕೊಂಡ ಸಹೋದ್ಯೋಗಿಯ ಮನೆಯವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವಾಗ ‘ಎ ಸೆನ್ಸ್‌ಲೆಸ್ ಆ್ಯಕ್ಸಿಡೆಂಟ್’ ಅಂದರೆ ನೋವು ಹಂಚಿಕೊಂಡ ಹಾಗೆ. ‘ಎ ನಾನ್‌ಸೆನ್ಸ್ ಆ್ಯಕ್ಸಿಡೆಂಟ್’ ಅಂದರೆ ಅದು ಇಂಗ್ಲಿಷೂ ಅಲ್ಲ, ಮರ್ಯಾದೆಯೂ ಅಲ್ಲ. ಈ ಎರಡು ಪದಗಳಲ್ಲಿ ತಪ್ಪು ಆರಿಸಿದರೆ ಎಲ್ಲಕ್ಕಿಂತ ಜಾಸ್ತಿ ನೋವಾಗುವ ಜಾಗ ಇದೇ ಅಂತ ನನ್ನ ಅಭಿಪ್ರಾಯ. ಆಫೀಸಿನ ಮೇಲ್ ಅನ್ನು ನಾಳೆ ಸರಿಮಾಡಬಹುದು, ಇದನ್ನು ಸರಿಮಾಡಲು ಆಗುವುದಿಲ್ಲ.

ಎಚ್ಚರ ತಪ್ಪುವ ಅರ್ಥದ ಬಗ್ಗೆ. ‘ಫೆಲ್ ಸೆನ್ಸ್‌ಲೆಸ್’ ಅಂದರೆ ಎಚ್ಚರ ತಪ್ಪಿ ಬಿದ್ದ, ‘ಬೀಟನ್ ಸೆನ್ಸ್‌ಲೆಸ್’ ಅಂದರೆ ಎಚ್ಚರ ತಪ್ಪುವ ಹಾಗೆ ಹೊಡೆದರು. ಕತೆಗಳಲ್ಲಿ, ಪಾಠಗಳಲ್ಲಿ ಇದು ಸರಿ. ಪರೀಕ್ಷೆಯಲ್ಲಿ ಮಗಳು ಹಾಗೇ ಬರೆಯಲಿ. ಆದರೆ ಲೀವ್ ಲೆಟರ್‌ನಲ್ಲಿ ‘ಮೈ ಫಾದರ್ ಬಿಕೇಮ್ ಸೆನ್ಸ್‌ಲೆಸ್’ ಅಂತ ಬರೆಯಬೇಡಿ. ಓದುವವರಿಗೆ ಅಪ್ಪನಿಗೆ ಬುದ್ಧಿ ಕೆಟ್ಟಿತು ಅಂತಲೂ ಅನ್ನಿಸಬಹುದು. ‘ಅನ್‌ಕಾನ್ಷಸ್’ ಅನ್ನಿ, ಎರಡನೇ ಅರ್ಥಕ್ಕೆ ಜಾಗವೇ ಇರುವುದಿಲ್ಲ. ಡಾಕ್ಟರುಗಳು ಕೂಡ ಕೇಸ್‌ ಶೀಟ್‌ನಲ್ಲಿ ಸೆನ್ಸ್‌ಲೆಸ್ ಅಂತ ಬರೆಯುವುದಿಲ್ಲ. ಎಚ್ಚರ ಎಷ್ಟಿದೆ ಅಂತ ಅಳೆಯಲು ಅವರಿಗೆ 1974ರಿಂದ ಗ್ಲಾಸ್ಗೋ ಕೋಮಾ ಸ್ಕೇಲ್ ಇದೆ. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ಅಂತ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ಆಸ್ಪತ್ರೆಯ ಕಾಗದದಲ್ಲಿ ಜಿಸಿಎಸ್ ಅಂತ ಇರುವುದು ಇದೇ. ಹಾಗೆಯೇ ವೈದ್ಯಕೀಯದಲ್ಲಿ ನಾನ್‌ಸೆನ್ಸ್ ಪದ ಬೇರೆ ಕಡೆ ಬರುತ್ತದೆ. ಥಲಸ್ಸೀಮಿಯಾದಂಥ ಕಾಯಿಲೆಗೆ ಜೀನ್ ಪರೀಕ್ಷೆ ಮಾಡಿಸಿದಾಗ ಕೆಲವರ ರಿಪೋರ್ಟ್‌ನಲ್ಲಿ ‘ನಾನ್‌ಸೆನ್ಸ್ ಮ್ಯುಟೇಶನ್’ ಅಂತ ಬರುತ್ತದೆ. ಪ್ರೋಟೀನ್ ಕಟ್ಟುವ ಸೂಚನೆಯಲ್ಲಿ ಒಂದು ಅಕ್ಷರ ಬದಲಾಗಿ, ನಡುವೆಯೇ ‘ಇಲ್ಲಿಗೆ ನಿಲ್ಲಿಸು’ ಅನ್ನುವ ಸಂಕೇತ ಬಂದುಬಿಟ್ಟಿದೆ, ಹಾಗಾಗಿ ಪ್ರೋಟೀನ್ ಅರ್ಧಕ್ಕೇ ನಿಂತಿದೆ ಅಂತ ಅದರರ್ಥ. ಅಲ್ಲೂ ಪದ ಸಂಕೇತಕ್ಕೆ, ಬರಹಕ್ಕೇ ಅಂಟಿದೆ ನೋಡಿ.

ನಾನ್‌ಸೆನ್ಸ್‌ಗೂ ಸೆನ್ಸ್‌ಲೆಸ್‌ಗೂ ಫರಕು ಇದೆಯೋ ಇಲ್ಲವೋ ಅನ್ನುವುದನ್ನು ತತ್ತ್ವಶಾಸ್ತ್ರದವರು ಬಹಳ ಗಂಭೀರವಾಗಿ ತಗೊಂಡಿದ್ದಾರೆ. ನನಗೆ ಇಷ್ಟವಾದ ವಿಷಯ, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಲುಡ್ವಿಗ್ ವಿಟ್ಗೆನ್‌ಸ್ಟೈನ್ 1921ರಲ್ಲಿ ಜರ್ಮನ್‌ನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎರಡು ಪದ ಬೇರೆ ಮಾಡುತ್ತಾನೆ, ‘ಜಿನ್‌ಲೋಸ್’ ಮತ್ತು ‘ಉನ್‌ಜಿನ್ನಿಶ್’. ಇಂಗ್ಲಿಷಿನಲ್ಲಿ ಚರ್ಚೆ ಮಾಡುವವರು ಮೊದಲನೆಯದನ್ನು ಸೆನ್ಸ್‌ಲೆಸ್ ಅಂತ, ಎರಡನೆಯದನ್ನು ನಾನ್‌ಸೆನ್ಸ್ ಅಂತ ಕರೆಯುತ್ತಾರೆ. ಅವನದೇ ಉದಾಹರಣೆ ಮಳೆಯದ್ದು. ‘ಮಳೆ ಬರುತ್ತಿದೆ, ಇಲ್ಲವೇ ಬರುತ್ತಿಲ್ಲ’ ಅಂತ ನಾನು ಹೇಳಿದರೆ ಹವಾಮಾನದ ಬಗ್ಗೆ ನಿಮಗೆ ಏನು ಗೊತ್ತಾಯಿತು? ಏನೂ ಇಲ್ಲ. ವಾಕ್ಯ ಸರಿ ಇದೆ, ಯಾವಾಗಲೂ ನಿಜ ಕೂಡ, ಆದರೆ ಲೋಕದ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಇದು ಸೆನ್ಸ್‌ಲೆಸ್. ಹಾಗಂತ ಇದು ನಾನ್‌ಸೆನ್ಸ್ ಅಲ್ಲ ಅಂತ ಅವನು ಒತ್ತಿ ಹೇಳುತ್ತಾನೆ. ಇನ್ನು ನಾನ್‌ಸೆನ್ಸ್‌ಗೆ ಎಲ್ಲರೂ ಕೊಡುವ ಉದಾಹರಣೆ ಭಾಷಾಶಾಸ್ತ್ರಜ್ಞ ನೋಮ್ ಚಾಮ್‌ಸ್ಕಿಯದು, 1957ರದ್ದು. ಕನ್ನಡದಲ್ಲಿ ಹೇಳುವುದಾದರೆ ‘ಬಣ್ಣವಿಲ್ಲದ ಹಸಿರು ವಿಚಾರಗಳು ರೋಷದಿಂದ ನಿದ್ದೆ ಮಾಡುತ್ತವೆ’. ಕರ್ತೃ ಇದೆ, ಕ್ರಿಯಾಪದ ಇದೆ, ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಆದರೆ ಬಣ್ಣವಿಲ್ಲದ್ದು ಹಸಿರಾಗುವುದು ಹೇಗೆ, ವಿಚಾರ ನಿದ್ದೆ ಮಾಡುವುದು ಹೇಗೆ? ಒಳಗೆ ಕೈ ಹಾಕಿದರೆ ಏನೂ ಸಿಗುವುದಿಲ್ಲ. ತತ್ತ್ವಶಾಸ್ತ್ರದ ಈ ವಿಂಗಡಣೆಯನ್ನು ದಿನದ ಮಾತಿಗೆ ಹಾಗ್ಹಾಗೇ ಎಳೆದು ತರಬೇಡಿ. ಆದರೂ ನಿಮ್ಮ ಎರಡನೇ ರಿಜಿಸ್ಟರ್ ಮಳೆಯ ವಾಕ್ಯದ ಪಕ್ಕಕ್ಕೆ ಬರುತ್ತದೆ. ಬರೆದದ್ದೆಲ್ಲ ನಿಜ, ಹೊಸದಾಗಿ ತಿಳಿಯುವುದು ಏನೂ ಇಲ್ಲ ಅನ್ನುವುದೇ ಅಲ್ವಾ ನಿಮ್ಮ ದೂರು?

ವ್ಯಾಕರಣದ ಒಂದು ವಿಷಯ, ಬೇಗ ಮುಗಿಸುತ್ತೇನೆ. ನಾನ್‌ಸೆನ್ಸ್ ಮುಖ್ಯವಾಗಿ ನಾಮಪದ. ಅದಕ್ಕೇ ‘ಹಿ ಈಸ್ ಟಾಕಿಂಗ್ ನಾನ್‌ಸೆನ್ಸ್’ ಸರಿ. ಸೆನ್ಸ್‌ಲೆಸ್ ವಿಶೇಷಣ, ‘ಹಿ ಈಸ್ ಟಾಕಿಂಗ್ ಸೆನ್ಸ್‌ಲೆಸ್’ ತಪ್ಪು. ‘ನಾನ್‌ಸೆನ್ಸ್ ವರ್ಸ್’, ‘ನಾನ್‌ಸೆನ್ಸ್ ವರ್ಡ್’ ಅನ್ನುವಂಥ ಕೆಲವು ಜೋಡಿಗಳು ಬಿಟ್ಟರೆ ನಾನ್‌ಸೆನ್ಸ್ ಅನ್ನು ಇನ್ನೊಂದು ಪದದ ಮುಂದೆ ವಿಶೇಷಣವಾಗಿ ಹಚ್ಚುವುದು ನಮ್ಮ ದೇಶದ ರೂಢಿ. ವಿಶೇಷಣ ಬೇಕಿದ್ದರೆ ‘ನಾನ್‌ಸೆನ್ಸಿಕಲ್’ ಇದೆ.

ಈಗ ನಿಜವಾದ ತೊಂದರೆಗೆ ಬರೋಣ. ನಿಮ್ಮ ಪದ ವಾಕ್ಯದಲ್ಲಿ ಇದ್ದದ್ದು ‘ವರ್ಕ್’ ಪಕ್ಕದಲ್ಲಿ. ಆದರೆ ಆ ಕೆಲಸ ಹೇಳಿದವರು ಯಾರು? ಮ್ಯಾನೇಜರ್. ಕೆಲಸಕ್ಕೆ ವಿವೇಕವಿಲ್ಲ ಅಂದರೆ ಕೆಲಸ ಹೇಳಿದವರಿಗೆ ವಿವೇಕವಿಲ್ಲ ಅಂತ ಕೇಳಿಸುವುದಕ್ಕೆ ಒಂದೇ ಹೆಜ್ಜೆ ಸಾಕು. ಸೆನ್ಸ್‌ಲೆಸ್ ಪದದೊಳಗೆ ಮನುಷ್ಯನ ಬುದ್ಧಿಯ ಕಡೆ ಬೆರಳು ತೋರಿಸುವ ಅರ್ಥ ಮೊದಲಿಂದಲೂ ಇರುವುದರಿಂದ ಆ ಹೆಜ್ಜೆ ಇನ್ನೂ ಸುಲಭ. ‘ಸೆನ್ಸ್ ಐತೇನು ನಿಂಗ’ ಅಂತ ಬೈಸಿಕೊಂಡು ಬೆಳೆದವರಿಗಂತೂ ‘ಸೆನ್ಸ್’ ಮತ್ತು ‘ಇಲ್ಲ’ ಜೊತೆಗೆ ಕಂಡ ಕೂಡಲೇ ಮೈ ಉರಿಯುತ್ತದೆ. ನಿಮ್ಮ ಮ್ಯಾನೇಜರ್ ಎಲ್ಲರ ಮುಂದೆ ಹಾಗೆ ಅಂದದ್ದು ಸರಿಯಲ್ಲ. ಆದರೆ ಅವರು ಬೇಕಂತಲೇ ತಿರುಚಿದರು ಅಂತ ತೀರ್ಮಾನ ಮಾಡಬೇಡಿ. ಅವರಿಗೆ ಹಾಗೇ ಕೇಳಿಸಿರಬಹುದು.

ಹಾಗಾದರೆ ಯಾವ ಪದ ಬರೆಯಬೇಕಿತ್ತು? ನಿಮ್ಮ ಮನಸ್ಸಿನಲ್ಲಿದ್ದ ಅರ್ಥಕ್ಕೆ ಅತಿ ಹತ್ತಿರದ ಪದ ‘ಪಾಯಿಂಟ್‌ಲೆಸ್’. ಮಾಡಿ ಉಪಯೋಗ ಇಲ್ಲ ಅಂತ. ಬುದ್ಧಿಯ ತಂಟೆಗೆ ಹೋಗುವುದಿಲ್ಲ, ಆದರೂ ಮೊನಚು ಇದೆ. ಪಕ್ಕದ ಟೇಬಲ್ಲಿನ ಗೆಳತಿಗೆ ಹೇಳಬಹುದು, ಮೇಲಿನವರಿಗೆ ಬರೆಯುವುದು ಬೇಡ. ‘ಮೀನಿಂಗ್‌ಲೆಸ್’ ಅಂದರೆ ಸ್ವಲ್ಪ ಬೇಸರದ ದನಿ ಬರುತ್ತದೆ, ಕೆಲಸವೇ ಸಾಕಾಗಿದೆ ಅನ್ನುವ ಹಾಗೆ. ಅದನ್ನು ಓದಿ ನಿಮ್ಮನ್ನು ಬೇರೆ ವಿಭಾಗಕ್ಕೆ ಹಾಕುವ ಯೋಚನೆ ಅವರಿಗೆ ಬಂದರೆ ಆಶ್ಚರ್ಯವಿಲ್ಲ. ‘ಅಬ್ಸರ್ಡ್’ ಅಂತ ಕೆಲವರು ಸಲಹೆ ಕೊಡಬಹುದು, ದಯವಿಟ್ಟು ಬೇಡ. ಲ್ಯಾಟಿನ್‌ನಲ್ಲಿ ಅದರ ಮೂಲಪದಕ್ಕೆ ಅಪಸ್ವರ ಅಂತ ಅರ್ಥ, ಇವತ್ತಿನ ಇಂಗ್ಲಿಷಿನಲ್ಲಿ ನಗೆಪಾಟಲು ಅನ್ನುವಷ್ಟು ಭಾರ. ಸೆನ್ಸ್‌ಲೆಸ್‌ಗೇ ಇಷ್ಟಾಗಿರುವಾಗ ಅದು ಬೆಂಕಿಗೆ ತುಪ್ಪ.

‘ಡುಪ್ಲಿಕೇಟ್ ಎಂಟ್ರಿ’ ಅಂತ ಬರೆಯಲು ನಿಮ್ಮ ಕೈ ಹೋಗಬಹುದು. ಅರ್ಥದ ಪ್ರಕಾರ ಸರಿ, ಒಂದನ್ನೇ ಎರಡು ಸಲ ಬರೆದದ್ದು. ಆದರೆ ನಮ್ಮ ಪೇಟೆಯಲ್ಲಿ ಡುಪ್ಲಿಕೇಟ್ ಅಂದರೆ ನಕಲಿ. ಲೆಕ್ಕದ ಪುಸ್ತಕದ ವಿಷಯದಲ್ಲಿ ಆ ಪದ ಬಿದ್ದರೆ ‘ಬೋಗಸ್ ಎಂಟ್ರಿ ಅಂತಾರಲ್ರಿ ಮೇಡಂ’ ಅಂತ ಹೊಸ ರಾಮಾಯಣ ಶುರುವಾಗುತ್ತದೆ. ‘ರಿಡಂಡೆಂಟ್’ ಒಳ್ಳೆಯ ಪದ, ಹೆಚ್ಚುವರಿ, ಇಲ್ಲದಿದ್ದರೂ ನಡೆಯುತ್ತದೆ ಅಂತ. ಎಂಟ್ರಿಗೆ ಹಚ್ಚಿ, ಜನರಿಗೆ ಹಚ್ಚಬೇಡಿ. ಇಂಗ್ಲೆಂಡಿನಲ್ಲಿ ನೌಕರನನ್ನು ರಿಡಂಡೆಂಟ್ ಅಂದರೆ ಅವನ ಕೆಲಸ ಹೋಯಿತು ಅಂತ. ‘ದಿಸ್ ಡಸ್ ನಾಟ್ ಮೇಕ್ ಸೆನ್ಸ್’ ಅನ್ನುವುದು ಇಂಗ್ಲಿಷ್ ಆಫೀಸುಗಳಲ್ಲಿ ಬಹಳ ಸಾಮಾನ್ಯ, ಯಾರೂ ಸಿಟ್ಟಾಗುವುದಿಲ್ಲ. ಆದರೆ ನಿಮ್ಮ ಆಫೀಸಿನಲ್ಲಿ ‘ಸೆನ್ಸ್’ ಅನ್ನುವ ಪದಕ್ಕೇ ಈಗ ಗಾಯ ಆಗಿದೆ, ಕೆಲವು ತಿಂಗಳು ಅದನ್ನು ಮುಟ್ಟದಿರುವುದು ಒಳ್ಳೆಯದು.

ನನ್ನ ಸಲಹೆ ಕೇಳಿದರೆ ವಿಶೇಷಣವನ್ನೇ ಬಿಟ್ಟುಬಿಡಿ. ಏನು ನಡೆಯುತ್ತಿದೆ ಅಂತ ಬರೆದು, ಯಾಕೆ ಅಂತ ಕೇಳಿ. ಒಂದೇ ತೂಕವನ್ನು ಒಂದೇ ದಿನ ಎರಡು ಕಡೆ ಬರೆಯುತ್ತಿದ್ದೇವೆ, ಎರಡನೆಯದರ ಉದ್ದೇಶ ತಿಳಿಸಿ ಅಂತ. ಇದರಲ್ಲಿ ಒಂದು ಅಪಾಯ ಇದೆ. ಅವರು ಉದ್ದೇಶ ವಿವರಿಸಿ, ಬರೆಯುತ್ತಾ ಹೋಗಿ ಅನ್ನಬಹುದು. ಆದರೆ ಉದ್ದೇಶ ನಿಜವಾಗಿ ಇದ್ದರೂ ಇರಬಹುದಲ್ವಾ? ಒಣಮೆಣಸಿನಕಾಯಿ ಇನ್ನೂ ಒಣಗಿದ ಹಾಗೆ ತೂಕ ಇಳಿಯುತ್ತದೆ, ಹಸಿ ಗಾಳಿಗೆ ಏರುತ್ತದೆ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೋಡೌನ್‌ನ ಅಂಕಿಯನ್ನು ಯಾರೋ ಆಮೇಲೆ ಬದಲಿಸುತ್ತಾರೆ ಅನ್ನುವ ಅನುಮಾನ ಮಾಲೀಕರಿಗೆ ಇರಬಹುದು. ಆಡಿಟರ್ ಹೇಳಿರಬಹುದು. ಸೆನ್ಸ್‌ಲೆಸ್ ಅಂತ ಮೊದಲೇ ತೀರ್ಪು ಕೊಟ್ಟರೆ ಇವೆಲ್ಲ ಹೊರಗೆ ಬರುವ ದಾರಿ ಮುಚ್ಚುತ್ತದೆ.

ಈಗಾಗಲೇ ಹೋಗಿರುವ ಮೇಲ್ ಬಗ್ಗೆ ಏನು ಮಾಡುವುದು? ಸುಮ್ಮನಿದ್ದುಬಿಡುವುದು ಒಂದು ದಾರಿ. ಕೆಲವು ಕಡೆ ತಾನೇ ತಣ್ಣಗಾಗುತ್ತದೆ. ಆದರೆ ಎಲ್ಲರ ಮುಂದೆ ಮಾತು ಬಂದಿರುವುದರಿಂದ ಸುಮ್ಮನಿದ್ದರೆ ‘ಹೌದು, ಅಂದೆ’ ಅಂತ ಒಪ್ಪಿಕೊಂಡ ಹಾಗೆ ಕಾಣುವ ಅಪಾಯ ಇದೆ. ಡಿಕ್ಷನರಿಯ ಸ್ಕ್ರೀನ್‌ಶಾಟ್ ಕಳಿಸಿ ‘ನೋಡಿ, ಇದರ ಅರ್ಥ ಇದು’ ಅನ್ನುವುದು ಇನ್ನೊಂದು ದಾರಿ. ಇದನ್ನಂತೂ ಮಾಡಬೇಡಿ. ಅದೇ ಡಿಕ್ಷನರಿಯಲ್ಲಿ ಕೆಳಗಿನ ಸಾಲಿಗೆ ‘ಮೂರ್ಖ’ ಅಂತಲೂ ಇರುತ್ತದೆ, ಅವರು ಅದನ್ನು ತೋರಿಸುತ್ತಾರೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಎದುರಿಗೆ ಹೋಗಿ ಕನ್ನಡದಲ್ಲೇ ಮಾತಾಡುತ್ತಿದ್ದೆ. ‘ಸರ್, ನಾ ಅಂದದ್ದು ರಿಜಿಸ್ಟರ್ ಬಗ್ಗೆರಿ, ನಿಮ್ಮ ಬಗ್ಗೆ ಅಲ್ಲ. ಪದ ಬಿರುಸಾತು’ ಅಂದರೆ ಸಾಕು. ಆಮೇಲೆ ಮೊದಲಿನ ಮೇಲ್ ಎಷ್ಟು ಜನರಿಗೆ ಹೋಗಿತ್ತೋ ಅಷ್ಟೇ ಜನರಿಗೆ ಒಂದು ಚಿಕ್ಕ ಮೇಲ್. ಹೀಗೆ ಬರೆಯಬಹುದು:

‘ಇನ್ ಮೈ ಅರ್ಲಿಯರ್ ಮೇಲ್, ಐ ಯೂಸ್ಡ್ ದ ರಾಂಗ್ ವರ್ಡ್ ಅಬೌಟ್ ದ ಸೆಕೆಂಡ್ ರಿಜಿಸ್ಟರ್. ಐ ಮೆಂಟ್ ದಟ್ ದ ಸೇಮ್ ವೇಟ್ ಈಸ್ ಬೀಯಿಂಗ್ ರೆಕಾರ್ಡೆಡ್ ಟ್ವೈಸ್ ಆನ್ ದ ಸೇಮ್ ಡೇ. ಕುಡ್ ಯು ಪ್ಲೀಸ್ ಟೆಲ್ ಅಸ್ ದ ಪರ್ಪಸ್ ಆಫ್ ದ ಸೆಕೆಂಡ್ ಎಂಟ್ರಿ?’

ಇಷ್ಟೇ. ‘ಸಾರಿ ಫಾರ್ ಕಾಲಿಂಗ್ ಯು ಸೆನ್ಸ್‌ಲೆಸ್’ ಅಂತ ಎಲ್ಲೂ ಬರೆಯಬೇಡಿ. ನೀವು ಅವರನ್ನು ಹಾಗೆ ಕರೆದೇ ಇಲ್ಲ. ಕ್ಷಮೆ ಕೇಳುವ ಭರದಲ್ಲಿ, ಮಾಡದ ತಪ್ಪನ್ನು ಕಾಗದದ ಮೇಲೆ ಒಪ್ಪಿಕೊಂಡರೆ ಅದು ನಿಮ್ಮ ಫೈಲ್‌ನಲ್ಲಿ ಉಳಿಯುತ್ತದೆ. ಮೊದಲನೇ ಮೇಲ್‌ನ ಪ್ರತಿಯನ್ನೂ ಅಳಿಸಬೇಡಿ, ‘ವರ್ಕ್’ ಅನ್ನುವ ಪದ ಅದರಲ್ಲೇ ಇದೆ, ಅದು ನಿಮ್ಮ ಪರವಾಗಿರುವ ಸಾಕ್ಷಿ.

ಅವರು ಕಾರಣ ಹೇಳಿದರೆ, ಅದು ಒಪ್ಪುವಂಥದ್ದಾದರೆ, ಬರೆಯುತ್ತಾ ಹೋಗಿ. ಕಾರಣ ಹೇಳದೆ ‘ಹೇಳಿದಷ್ಟು ಮಾಡ್ರಿ’ ಅಂದರೆ ಒಂದು ವಾರ ಬರೆಯಿರಿ. ವಾರದ ಕೊನೆಗೆ ಗೋಡೌನ್‌ನ ಪ್ರಿಂಟೌಟ್ ಮತ್ತು ನಿಮ್ಮ ರಿಜಿಸ್ಟರ್ ಎರಡನ್ನೂ ಅವರ ಟೇಬಲ್ ಮೇಲೆ ಪಕ್ಕಪಕ್ಕ ಇಡಿ. ಎರಡನೆಯದಕ್ಕೆ ದಿನಾ ಎಷ್ಟು ಹೊತ್ತು ಹಿಡಿಯಿತು ಅಂತ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ಅಂಕಿ ಎಲ್ಲಾದರೂ ಬೇರೆ ಬಂದಿದ್ದರೆ ಆ ಸಾಲನ್ನೂ ತೋರಿಸಿ, ಮುಚ್ಚಿಡಬೇಡಿ. ಎಲ್ಲ ಒಂದೇ ಇದ್ದರೆ ಅವರೇ ನೋಡುತ್ತಾರೆ.